ಅಕ್ಕನ ಮುಖಕ್ಕೆ ಕನ್ನ ಹಾಕುವಾಕೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಶೋಧನಾಲಯದ ಮೂಲೆ ಕೋಣೆಯಲ್ಲಿ ಈ ಹೆಣ್ಣುಮಗಳು ಆಗಲೇ ಕಳ್ಳತನಕ್ಕೆ ಕೂತಿದ್ದಾರೆ. ಕದಿಯಬೇಕಿರುವುದು ಸ್ವಂತ ಅಕ್ಕನ ಮುಖ. ಪಕ್ಕದ ಕುರ್ಚಿಯಲ್ಲಿ ಚಪ್ಪಲಿ ಬಿಟ್ಟು, ಕಾಲು ಮಡಚಿ ಕೂತಿರುವವರೇ ಆ ಅಕ್ಕ. ಇವರ ಬಗ್ಗೆ ಬರೆಯಲು ಬಂದ ನಾನು ಹಿಂದೆ ನಿಂತಿದ್ದೇನೆ.

"ಸಿಕ್ತೇನೇ?"

"ತಡಿ ಅಕ್ಕ, ಕಳ್ಳಿಗೂ ಸ್ವಲ್ಪ ಟೈಮ್ ಕೊಡು."

ವಿಷಯ ಇಷ್ಟು. ಫೋಟೋ ನೋಡಿ ಚರ್ಮದ ಕಾಯಿಲೆ ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸಬೇಕು. ಅದಕ್ಕೆ ರಾಶಿ ರಾಶಿ ಮುಖ ಬೇಕು. ಸಿಕ್ಕಸಿಕ್ಕ ಮುಖಗಳನ್ನೆಲ್ಲ ಬಾಚಿ ಒಂದೇ ಕಡೆ ಗುಡ್ಡೆ ಹಾಕಿಕೊಳ್ಳುವ ಕಂಪನಿಗಳಿಗೇನು ಬರವೇ? 'ಒಪ್ಪಿಗೆ' ಅಂತ ಒಂದು ಗುಂಡಿ ಒತ್ತಿಸಿಕೊಂಡರೆ ಮುಗೀತು, ಆಮೇಲೆ ನಮ್ಮ ಮುಖ ನಮ್ಮದಲ್ಲ! ಈ ಸಂಶೋಧನಾಲಯದವರ ದಾರಿಯೇ ಬೇರೆ. ಫೋಟೋ ಆಯಾ ಆಸ್ಪತ್ರೆ ಬಿಟ್ಟು ಕದಲುವುದಿಲ್ಲ. ಅಲ್ಲಿನ ಕಂಪ್ಯೂಟರು ಅದನ್ನು ನೋಡಿ ಕಲಿತು, ಕಲಿತ ಪಾಠವನ್ನಷ್ಟೇ ಅಂಕಿಗಳಾಗಿ ನೆರೆಯ ಆಸ್ಪತ್ರೆಗಳಿಗೆ ದಾಟಿಸುತ್ತದೆ. ಎಲ್ಲವನ್ನೂ ತನ್ನಲ್ಲಿಟ್ಟುಕೊಳ್ಳುವ ಯಜಮಾನ ಕಂಪ್ಯೂಟರು ನಡುವೆ ಇಲ್ಲವೇ ಇಲ್ಲ. ಕೇಳಿದರೇ ಮೈ ಜುಮ್ಮೆನ್ನುತ್ತದೆ!

ಆದರೆ ಪಾಠವೂ ಚಾಡಿ ಹೇಳುತ್ತದೆ. ಆ ಅಂಕಿಗಳನ್ನು ಹಿಂದಿನಿಂದ ಬಿಡಿಸುತ್ತಾ ಹೋದರೆ ಮೂಲ ಫೋಟೋನೇ ಹೊರಬೀಳಬಹುದು. ಹಾಗೆ ಬೀಳಿಸಿ ನೋಡುವುದೇ ಈ ತಂಗಿಯ ಉದ್ಯೋಗ.

ಅಕ್ಕ ಹೊಲಿಗೆ ಕೆಲಸದವರು. ಕೆನ್ನೆಯ ಮೇಲೆ ತೊನ್ನು. ಅವರ ಜೊತೆ ಚಿಕಿತ್ಸೆಗೆ ಬರುವ ಹೆಂಗಸರು ಯಾರೂ ಫೋಟೋ ಕೊಡಲು ಒಪ್ಪಿರಲಿಲ್ಲ. ಅಕ್ಕ ತಂಗಿಗೆ ಸವಾಲು ಹಾಕಿದರು: "ಮೊದಲು ನನ್ನ ಫೋಟೋ ಹಾಕು. ನೀನೇ ಕದ್ದು ನೋಡು. ನಿನ್ನ ಕೈಗೂ ಸಿಗದಿದ್ರೆ ಅವರಿಗೆ ಹೇಳ್ತೀನಿ, ಕೊಡಿ ಅಂತ."

ಹೋದ ತಿಂಗಳು ಸಿಕ್ಕಿಬಿಟ್ಟಿತ್ತು! ಪರದೆ ಮೇಲೆ ಮಸುಕಾಗಿ ಕಣ್ಣು, ಮೂಗು, ಕೆನ್ನೆಯ ಬಿಳಿ. "ಇಷ್ಟು ಮಸುಕನ್ನ ಯಾರಮ್ಮ ಗುರುತಿಸ್ತಾರೆ, ಶುರು ಮಾಡಿ" ಅಂದರಂತೆ ಮೇಲಿನವರು. ಥೂ! ಅವರದೇ ಮುಖ ಆಗಿದ್ದರೆ? ಇವರು ಜಗ್ಗಲಿಲ್ಲ. "ನಮ್ಮಮ್ಮನಿಗೆ ತೋರಿಸಿದೆ. ಕನ್ನಡಕ ಇಲ್ದೇನೇ 'ನಮ್ಮ ದೊಡ್ಡೋಳು' ಅಂದ್ರು. ಅಲ್ಲಿಗೆ ಆ ಕೆಲಸಕ್ಕೆ ಬೀಗ ಹಾಕಿದೆ."

ಈಗ ಹೊಸ ಉಪಾಯ. ಪ್ರತಿ ಕಂಪ್ಯೂಟರೂ ತನ್ನ ಒಂದೊಂದು ನೆರೆಯ ಜೊತೆಗೂ ಗುಟ್ಟಾಗಿ ಮಾತಾಡಿಕೊಂಡು ಪಾಠಕ್ಕೆ ಸುಳ್ಳು ಅಂಕಿ ಬೆರೆಸುತ್ತದೆ. "ಇದು ಎಷ್ಟು ಜಾಸ್ತಿ ಹೇಳುತ್ತೋ ಅದು ಅಷ್ಟೇ ಕಮ್ಮಿ ಹೇಳುತ್ತೆ. ಒಂದನ್ನೇ ಕದ್ದವನಿಗೆ ಬರೀ ಸುಳ್ಳು. ಎಲ್ಲ ಕೂಡಿಸಿದ್ರೆ ಸುಳ್ಳುಗಳು ಹೊಡೆದಾಡ್ಕೊಂಡು ಸಾಯ್ತವೆ, ಪಾಠ ಉಳಿಯುತ್ತೆ."

ಪರದೆ ಮಿನುಗುತ್ತದೆ. ಮೂವರೂ ಬಗ್ಗುತ್ತೇವೆ. ಬೂದು. ಬರೀ ಬೂದು!

"ಇದೇನೇ, ನೆಲ ಒರೆಸೋ ಬಟ್ಟೆ ಥರ ಇದೀನಿ!" ಅಕ್ಕ ಕೈ ತಟ್ಟಿ ನಗುತ್ತಾರೆ. ತಂಗಿ ಮಾತ್ರ ನಗುವುದಿಲ್ಲ. ಗೊತ್ತಿರುವ ವರಸೆಗಳನ್ನೆಲ್ಲ ಮತ್ತೆ ಒಂದೊಂದಾಗಿ ಹಾಕುತ್ತಾರೆ. ಕಿಟಕಿಯಲ್ಲಿ ಬಿಸಿಲು ಬಂದರೂ ಪರದೆಯಲ್ಲಿ ಮುಖ ಬರುವುದಿಲ್ಲ. ಕೊನೆಗೆ ಬೆನ್ನು ಒರಗಿಸಿ, "ಸೋತೆ ಅಕ್ಕ" ಅನ್ನುತ್ತಾರೆ. ಸೋತವರ ಮುಖ ಇಷ್ಟು ಅರಳಿದ್ದನ್ನು ನಾನು ಕಂಡಿಲ್ಲ.

ಅಕ್ಕ ಫೋನ್ ಎತ್ತಿಕೊಂಡು ಹೊರಗೆ ಹೋಗುತ್ತಾರೆ. "ಏ, ನಾಳೆ ಎಲ್ಲರನ್ನೂ ಕರ್ಕೊಂಡು ಬಾ. ಹೂಂ ಕಣೇ, ನಾನಿದೀನಿ."

ಇನ್ನೇನು ಆಸೆ ಅಂತ ತಂಗಿಯನ್ನು ಕೇಳುತ್ತೇನೆ.

"ನನಗಿಂತ ದೊಡ್ಡ ಕಿಲಾಡಿ ಒಬ್ಬರು ಬಂದು ಇದನ್ನ ಮುರಿಯೋಕೆ ನೋಡ್ಲಿ. ಬರೋದಾದ್ರೆ ಇವತ್ತೇ ಬರ್ಲಿ. ಆ ಹೆಂಗಸರು ಬರೋದರೊಳಗೆ."