ಹಿದರ್‌ಟು ಅಂದರೆ ಏನು

ಅಪ್ಪ ಮತ್ತು ಅವರ ತಮ್ಮ, ನಮ್ಮ ಕಾಕಾ, ಸೊಲ್ಲಾಪುರದ ಬಟ್ಟೆ ಅಂಗಡಿಯ ಪಾಲುದಾರಿಕೆ ಮುರಿಯುವುದೆಂದು ತೀರ್ಮಾನಿಸಿದಾಗ ಮನೆಯಲ್ಲಿ ಜಗಳವೇನೂ ಆಗಿರಲಿಲ್ಲ. ಅಕ್ಕಲಕೋಟೆಯಲ್ಲಿ ಕಾಕಾನ ಮಾವನ ಅಂಗಡಿ ನೋಡಿಕೊಳ್ಳುವವರಿಲ್ಲದೆ ಮುಚ್ಚಿತ್ತು. ಅದನ್ನು ನಡೆಸುತ್ತೇನೆಂದು ಕಾಕಾ ಹೇಳಿದರು, ಅಪ್ಪ ಒಪ್ಪಿದರು.

ವಕೀಲರು ಕರಾರುಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿದ್ದರು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳಾದ್ದರಿಂದ, ಸಹಿಯ ಹಿಂದಿನ ದಿನ ಅದನ್ನು ಓದಿ ಹೇಳುವ ಕೆಲಸ ನನಗೇ ಬಂತು. ಮರಾಠಿ ಶಾಲೆಯಲ್ಲಿ ಓದಿದ ಕಾಕಾ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಾರೆ. ಮೊದಲ ಸಾಲಿನಲ್ಲೇ ಅವರ ಬೆರಳು ನಿಂತಿತು.

"ಇದೇನವ್ವ, ಹಿದರ್‌ಟು? ಹಿಂದ್ಯಾಗ ಇಧರ್ ಅಂದಂಗ ಕೇಳಸ್ತದ."

ಇಲ್ಲಿಯವರೆಗೆ ಎಂದು ಅರ್ಥ ಹೇಳಿದೆ. ಹಳೆಯ ಪದ, ಮಾತಿನಲ್ಲಿ ಯಾರೂ ಬಳಸುವುದಿಲ್ಲ, ವಕೀಲರ ಕಾಗದಗಳಲ್ಲಿ ಉಳಿದುಕೊಂಡಿದೆ ಎಂದೂ ಸೇರಿಸಿದೆ. ಆಮೇಲೆ ಇಡೀ ವಾಕ್ಯವನ್ನು ಕನ್ನಡದಲ್ಲಿ ಹೇಳಿದೆ: ಇಲ್ಲಿಯವರೆಗೆ ಒಂದೇ ಕುಟುಂಬವಾಗಿದ್ದು, ಕೂಡಿ ವ್ಯಾಪಾರ ಮಾಡುತ್ತ ಬಂದ ಅಣ್ಣತಮ್ಮಂದಿರು.

ಕಾಕಾ ಆ ಪದದ ಮೇಲೆ ಮತ್ತೆ ಬೆರಳಿಟ್ಟರು.

"ಇಲ್ಲಿತನಾ ಒಂದ ಮನಿ ಅಂದ್ರ, ನಾಳಿಂದ ಅಲ್ಲ ಅಂತೇನು?"

ಪದಕ್ಕೆ ಅಷ್ಟೇ ಅರ್ಥ, ಮುಂದಿನದನ್ನು ಅದು ಹೇಳುವುದಿಲ್ಲ ಎಂದು ಪಾಠ ಮಾಡುವ ಧಾಟಿಯಲ್ಲಿ ಹೇಳಿದೆ. ಹೇಳುತ್ತಿದ್ದಂತೆ ಅದು ಪೂರ್ತಿ ನಿಜವಲ್ಲ ಅನ್ನಿಸಿತು. ಹಿದರ್‌ಟು ಬಂದ ಕಡೆ ಸಾಮಾನ್ಯವಾಗಿ ಏನೋ ಬದಲಾಗಿರುತ್ತದೆ. ಅದನ್ನೂ ಹೇಳಿಬಿಟ್ಟೆ. ಅಪ್ಪ ನನ್ನತ್ತ ನೋಡಿದರು.

"ಅಂಗಡಿಗಿ ಇರ್ಲಿ," ಎಂದರು ಕಾಕಾ. "ಮನಿಗಿ ಬ್ಯಾಡ. ತೆಗಸ್ರಿ ಅಣ್ಣಾ."

ಅಪ್ಪ ವಕೀಲರಿಗೆ ಫೋನು ಮಾಡಿದರು. ಎಲ್ಲರ ಪತ್ರದಲ್ಲೂ ಹಾಗೇ ಬರೆಯುತ್ತೇವೆ, ಅದರಿಂದ ತೊಂದರೆಯಿಲ್ಲ ಎಂದು ಆ ಕಡೆಯಿಂದ ಮರಾಠಿಯಲ್ಲಿ ಸಮಾಧಾನ ಬಂತು. ವಕೀಲರ ಮಾತಿಗೆ ಎಂದೂ ಎದುರಾಡದ ಅಪ್ಪ, ಬದಲಿಸಿಯೇ ಕೊಡಿ ಎಂದು ಪಟ್ಟು ಹಿಡಿದರು. ಮರುದಿನ ಬಂದ ಹೊಸ ಪ್ರತಿಯಲ್ಲಿ ಕುಟುಂಬದ ಮಾತೇ ಇರಲಿಲ್ಲ. ಹಿದರ್‌ಟು ವ್ಯಾಪಾರದ ಪಕ್ಕಕ್ಕೆ ಸರಿದಿತ್ತು. ಕಾಕಾ ಇನ್ನೊಮ್ಮೆ ಓದಿಸಿಕೊಂಡು ಸಹಿ ಹಾಕಿದರು.

ದೀಪಾವಳಿ ಮುಗಿಸಿಕೊಂಡು ಕಾಕಾ ಮತ್ತು ಅವರ ಹೆಂಡತಿ ಕಾಕು ಅಕ್ಕಲಕೋಟೆಗೆ ಹೋದರು. ಮೊದಲ ವರ್ಷ ಹಬ್ಬಗಳಿಗೆಲ್ಲ ಬಂದರು, ಆಮೇಲೆ ಕಡಿಮೆಯಾಯಿತು. ಅಲ್ಲಿಯ ಗಿರಾಕಿಗಳೂ ಹಬ್ಬಕ್ಕೇ ಬರುವವರು. ಅಮ್ಮನಿಗೆ ಬೇಸರವಾಗುತ್ತಿತ್ತು. ಕಾಗದದಲ್ಲಿ ಬೇಡ ಅಂದದ್ದೇ ಕೊನೆಗೆ ಆಯಿತಲ್ಲ ಎಂದು ನಾನೂ ಅಂದುಕೊಂಡದ್ದುಂಟು.

ಕಳೆದ ವರ್ಷ ಅಪ್ಪನಿಗೆ ಹೃದಯದ ಆಪರೇಷನ್ ಆಯಿತು. ಕಾಕಾ ತಮ್ಮ ಅಂಗಡಿಯನ್ನು ಕಾಕುಗೆ ಒಪ್ಪಿಸಿ ಬಂದು, ಅಪ್ಪ ಎದ್ದು ಓಡಾಡುವತನಕ ನಮ್ಮ ಗಲ್ಲಾದ ಮೇಲೆ ಕೂತರು. ಮತ್ತೆ ಒಂದಾದಿರೇನು ಎಂದು ಹಳೆಯ ಗಿರಾಕಿಯೊಬ್ಬರು ಕೇಳಿದರು. ಅಣ್ಣನಿಗೆ ಆರಾಮಿಲ್ಲ ಎಂದಷ್ಟೇ ಹೇಳಿ, ಕಾಕಾ ಅವರ ಮುಂದೆ ಸೀರೆಗಳನ್ನು ಹರವಿದರು.