ಮರಳು ಸಮ ಮಾಡುವ ಕೇದಾರಿ

ಧುಪದಾಳದ ಸಾಹೇಬರ ಗಾಲ್ಫ್ ಮೈದಾನದಲ್ಲಿ ಹುಲ್ಲು ನಿಲ್ಲುವುದಿಲ್ಲ. ಚೆಂಡು ಬೀಳಿಸುವ ಕುಳಿಗಳ ಸುತ್ತ ಮರಳು ಹಾಸಿದ್ದಾರೆ. ಆಟಗಾರರು ದಾಟಿದ ಮೇಲೆ ಗೋಣಿ ಎಳೆದು ಹೆಜ್ಜೆ ಅಳಿಸುವವನು ಕೇದಾರಿ. ಮೇಮ್‌ಸಾಹೇಬರಿಂದ ಕೇಳಿದ ಹೆಂಗಸರ ಗಾಲ್ಫ್ ಪಂದ್ಯದ ಕಪ್ಪಿನ ಕಥೆಯನ್ನು ಸೊಂಟ ಹಿಡಿದುಕೊಂಡೇ ಎಲ್ಲರಿಗೂ ಹೇಳುತ್ತಾನೆ: "ಮೂವತ್ತೆರಡರಾಗ ವಿಲಾಯತಿಯವರನ್ನ ಅಮೆರಿಕಾದವರು ಸೋಲಿಸಿದ್ರು, ಮೂವತ್ನಾಲ್ಕರಾಗೂ ಅವರ ಗೆದ್ರು. ಹೋದ ವರ್ಷ, ಮೂವತ್ತಾರರಾಗ, ಸರಿಸಮ ಆತ್ರಿ." "ಹೆಂಗಸರ ಆಟ ತಗೊಂಡು ನೀ ಏನ್ ಮಾಡ್ತಿಯೋ ಮಾರಾಯಾ?" ಎಂದು ಕಾವಲುಗಾರ ಪರಪ್ಪ ಕೆಣಕಿದರೆ, "ಹೆಂಗಸರೂ ಆಡ್ತಾರ ಅನ್ನೂದು ನಿನಗ ಗೊತ್ತಿರ್ಲಿ" ಎಂದು ಮತ್ತೆ ಗೋಣಿ ಎಳೆಯುತ್ತಾನೆ. ನಸುಕಿನಲ್ಲಿ ಅವನ ಮಗಳು ಕಾಡವ್ವ ಮುರಿದ ಕೋಲಿನಿಂದ ಇಲ್ಲಿ ಕದ್ದು ಆಡುತ್ತಾಳೆ. ಸಿಕ್ಕಿಬಿದ್ದರೆ ಅವನ ಕೆಲಸ ಹೋಗುತ್ತದೆ. ಹಾಗಾಗಿ ದಿನವೂ ಅವನು ಮೊದಲು ಅಳಿಸುವುದು ಅವಳ ಬರಿಗಾಲಿನ ಗುರುತುಗಳನ್ನು. ಆದರೆ ಮರಳಿನಲ್ಲಿ ಅವಳ ಚೆಂಡು ಉರುಳಿದ ಗೆರೆ ಐದಾರು ಮಾರು ದೂರದಿಂದ ನೆಟ್ಟಗೆ ಕುಳಿಗೆ ಇಳಿದಿದ್ದ ದಿನ, ಸಾಹೇಬರ ಮೋಟಾರಿನ ಸದ್ದು ಕೇಳುವವರೆಗೂ ಕೇದಾರಿ ಅದನ್ನು ಅಳಿಸದೆ ನೋಡುತ್ತ ನಿಂತಿರುತ್ತಾನೆ.