ಅಳವಿ ಕಾಳಿನ ಪೊಟ್ಟಣ

ಗಂಗಾವತಿಯಲ್ಲಿ ರಾಜಾಬೀಯವರ ಮನೆ ಎಲ್ಲಿ ಎಂದು ಕೇಳಿದರೆ, ಕೇಳಿಸಿಕೊಂಡವರು ಕೈ ತೋರಿಸಿ ಸುಮ್ಮನಾಗುವುದಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ತನಕ ಬಂದು ಬಿಟ್ಟುಹೋಗುತ್ತಾರೆ. ರಾಜಾಬೀ ಸಿರಿವಂತರಲ್ಲ. ಅಕ್ಕಿ ಗಿರಣಿಯಲ್ಲಿ ಹಮಾಲರಾಗಿದ್ದ ಅಬ್ದುಲಸಾಬರ ಮಡದಿ, ಅಷ್ಟೆ. ಆದರೆ ಓಣಿಯಲ್ಲಿ ಯಾರ ಮನೆಯ ಹೆಣ್ಣುಮಗಳು ಹೆತ್ತರೂ ಬಾಣಂತಿಯ ಉಂಡೆ ಕಟ್ಟಲು ಕರೆ ಬರುವುದು ಅವರಿಗೇ. ಅಂಟನ್ನು ತುಪ್ಪದಲ್ಲಿ ಅರಳಿಸಿ, ಉತ್ತತ್ತಿ ಕುಟ್ಟಿ, ಒಣಕೊಬ್ಬರಿ ತುರಿದು, ಎದೆಹಾಲು ಹೆಚ್ಚಿಸುವುದೆಂಬ ಅಳವಿ ಕಾಳನ್ನೂ ಗಸಗಸೆಯನ್ನೂ ಬೇರೆ ಬೇರೆಯಾಗಿ ಹುರಿದು, ಬೆಲ್ಲದ ಪಾಕದಲ್ಲಿ ಕಲಸಿ ಕಟ್ಟುವಾಗ ಅವರ ಬಾಯಲ್ಲಿ ಬಿಸ್ಮಿಲ್ಲಾ ಬಿಟ್ಟರೆ ಬೇರೆ ಮಾತಿರುವುದಿಲ್ಲ. ಉಣಿಸುವವನು ಅಲ್ಲಾಹನೊಬ್ಬನೇ, ತಮ್ಮದು ಕಲಸುವ ಕೈ ಮಾತ್ರ ಎಂಬುದು ಅವರ ನಂಬಿಕೆ.

ಇಂಥವರ ಒಬ್ಬಳೇ ಮಗಳು ಮುಬಾಶಿರಾ, ಗಂಡನೊಂದಿಗೆ ಶಾರ್ಜಾದಲ್ಲಿ ಇರುವವಳು, ಗರ್ಭಿಣಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಅಲ್ಲಿಯ ಡಾಕ್ಟರು ವಿಮಾನ ಹತ್ತುವುದು ಬೇಡವೆಂದರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಬಳಿಗೆ ಹೋಗಲಿ ಎಂದು ರಾಜಾಬೀ ಪಾಸ್‌ಪೋರ್ಟು ಮಾಡಿಸಿದರು. ಹೊರಡುವ ಮುನ್ನ ಪಕ್ಕದ ಮನೆಯ ವಿರೂಪಾಕ್ಷಮ್ಮನನ್ನು ಜೊತೆಗೆ ಕೂರಿಸಿಕೊಂಡು ದೊಡ್ಡ ಡಬ್ಬಿಯ ತುಂಬ ಉಂಡೆ ಕಟ್ಟಿದರು. ಮೇಲೊಂದು ಪೊಟ್ಟಣ ಅಳವಿ ಕಾಳನ್ನು ಇಟ್ಟುಕೊಂಡರು, ಪಾಯಸಕ್ಕೆಂದು.

ಹೈದರಾಬಾದಿನ ಬಸ್ಸು ಬಂದು ನಿಂತಾಗ ಅಳಿಯ ಮುನವ್ವರನ ಫೋನು ಬಂತು.

“ಅಮ್ಮಾ, ಉಂಡ್ಯಾಗ ಗಸಗಸಿ ಹಾಕೀರೇನ್ರಿ?”

“ಹಾಕದ ಹೆಂಗ ಬಿಡ್ಲಿ? ಕೈ ಬಿಚ್ಚಿ ಹಾಕೇನಿ.”

“ಯಾ ಅಲ್ಲಾ! ತಗದಿಡ್ರಿ ಅದನ್ನ. ಇಲ್ಲಿ ಗಸಗಸಿ ಅಂದ್ರ ಅಫೀಮಿನ ಲೆಕ್ಕ. ವಿಮಾನ ಇಳಿದ ಕೂಡ್ಲೇ ಹಿಡೀತಾರ.”

ಕಟ್ಟಿದ ಉಂಡೆಯಿಂದ ಗಸಗಸೆಯನ್ನು ಆರಿಸಿ ತೆಗೆಯುವ ಬಗೆ ಇನ್ನೂ ಯಾರಿಗೂ ತಿಳಿದಿಲ್ಲ. ರಾಜಾಬೀ ಡಬ್ಬಿಯನ್ನು ಹಾಗೆಯೇ ವಿರೂಪಾಕ್ಷಮ್ಮನ ಕೈಗಿತ್ತರು. ಬಸ್ಸಿನ ಮೆಟ್ಟಿಲು ಹತ್ತಿದವರು ಏನನ್ನೋ ನೆನೆದು ಮತ್ತೆ ಇಳಿದು, ಅಳವಿಯ ಪೊಟ್ಟಣವನ್ನೂ ಕೊಟ್ಟರು.

“ಇದೇನ ಮಾಡ್ತೈತಿ ಅಕ್ಕಾ? ಇದು ಅಳವಿ.”

“ನಿನಗ ಗೊತ್ತೈತಿ, ನನಗ ಗೊತ್ತೈತಿ. ಪೊಲೀಸರೇನು ಹಡದಾರೇನ? ಸಣ್ಣ ಕಾಳು ಕಂಡ್ರ ಸಾಕು, ಒಳಗ ಹಾಕ್ತಾರ. ನಾ ಜೇಲಿನ್ಯಾಗ ಕುಂತ್ರ ಅಕಿ ಬಾಣಂತನ ಯಾರ ಮಾಡ್ತಾರ?”

“ಹಂಗಾರ ಇಷ್ಟೂ ಉಂಡಿ ನಾನ ತಿನ್ನಬೇಕಾತು. ಈ ವಯಸ್ಸಿನ್ಯಾಗ ನನ್ನ ಬಾಣಂತಿ ಮಾಡಿದಿ ನೋಡು!”

ನಗುತ್ತಲೇ ಇಬ್ಬರೂ ಕಣ್ಣೊರೆಸಿಕೊಂಡರು. ಬಸ್ಸು ಹೊರಟಿತು.

ಶಾರ್ಜಾದ ಎತ್ತರದ ಕಟ್ಟಡದಲ್ಲಿ, ಒಂದೇ ಕೋಣೆಯ ಮನೆಯಲ್ಲಿ, ಹಸುಗೂಸಿನ ಮಗ್ಗುಲಿಗೆ ಮುಬಾಶಿರಾ ಸೊರಗಿ ಮಲಗಿದ್ದಳು. ಬಾಯಿರುಚಿ ಸತ್ತುಹೋಗಿತ್ತು. ಗಂಜಿಯ ಬಟ್ಟಲು ತುಟಿಗೆ ಮುಟ್ಟಿ ಹಿಂದಕ್ಕೆ ಬರುತ್ತಿತ್ತು. ಕೂಸಿಗೆ ಹಾಲು ಸಾಲದೆ ಅದು ಅಳುತ್ತಿತ್ತು. ಅದರೊಡನೆ ತಾಯಿಯೂ ಅಳುತ್ತಿದ್ದಳು. ತಾಯಿ ಏನಾದರೂ ಉಂಡರೆ ಸರಿಹೋದೀತೆಂದು ನರ್ಸು ಹೇಳಿದ್ದಳು. ಏನು ಬೇಕೆಂದು ಕೇಳಿದರೆ ಮಗಳದು ಒಂದೇ ಉತ್ತರ: “ನಿನ್ನ ಅಳವಿ ಉಂಡಿ ಅಮ್ಮಾ. ಬ್ಯಾರೆ ಏನೂ ಒಳಗ ಇಳಿಯಂಗಿಲ್ಲ.” ಓಣಿಯ ಬಾಣಂತಿಯರಿಗೆಲ್ಲ ಉಂಡೆ ಕಟ್ಟಿದವರು ಸ್ವಂತ ಮಗಳ ಮುಂದೆ ಬರಿಗೈಯಲ್ಲಿ ಕುಳಿತರು.

ಮುನವ್ವರ ಕೆಳಗಿನ ಮಲಯಾಳಿ ಅಂಗಡಿಗೆ ಹೋಗಿ ಬಂದ. ಅಂಟು ಸಿಕ್ಕಿತು, ಖರ್ಜೂರವಂತೂ ರಾಶಿ ಬಿದ್ದಿತ್ತು, ತುಪ್ಪ ಇತ್ತು. ಅಳವಿ ಇರಲಿಲ್ಲ. ಫೋನಿನಲ್ಲಿ ಚಿತ್ರ ನೋಡಿ ತರಿಸಿದ ಚೀಲದಲ್ಲಿ ಬಂದದ್ದು ಕಪ್ಪನೆಯ ಕಾಮಕಸ್ತೂರಿ ಬೀಜ.

“ಚಿತ್ರದಾಗ ಹಿಂಗ ಇತ್ತಲ್ರಿ ಅಮ್ಮಾ,” ಎಂದು ಅವನು ತಲೆ ಕೆರೆದುಕೊಂಡ.

“ಚಿತ್ರದಾಗ ಎಲ್ಲಾರೂ ಛಲೋ ಕಾಣ್ತಾರಪಾ. ನಿಮ್ಮ ಲಗ್ನದ ಫೋಟೋದಾಗ ನೀವೂ ಹಂಗ ಇದ್ರಿ,” ಎಂದರು ಅತ್ತೆ. ಮಗಳ ಮುಖದಲ್ಲಿ ಅಂದು ಕಂಡ ನಗು ಅದೊಂದೇ.

ರಾಜಾಬೀಯವರದು ಆ ಮನೆಯಲ್ಲಿ ಇನ್ನೊಂದು ಪೇಚು. ಹುಡುಗಿಯಾಗಿದ್ದಾಗ ಕನಕಗಿರಿಯ ಮಸೀದಿಯಲ್ಲಿ ಅವರು ಕುರಾನ್ ಓದಲು ಕಲಿತಿದ್ದರು. ಅರಬ್ಬಿ ಅಕ್ಷರ ಬಲ್ಲರು, ಭಾಷೆ ಅರಿಯರು. ಆ ಅಕ್ಷರವನ್ನು ಅವರು ಗ್ರಂಥದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಇಲ್ಲಿ ನೋಡಿದರೆ ಸಾಬೂನಿನ ಕಾಗದದ ಮೇಲೆ, ಹಾಲಿನ ಡಬ್ಬಿಯ ಮೇಲೆ, ಬಿಸ್ಕೀಟಿನ ಹೊದಿಕೆಯ ಮೇಲೆ ಅದೇ ಬರಹ! ಕಸದ ಬುಟ್ಟಿಗೆ ಹಾಕಲು ಅವರ ಕೈ ಬರಲಿಲ್ಲ. ಒಂದೊಂದನ್ನೂ ಒರೆಸಿ, ಮಡಚಿ, ಕಪಾಟಿನ ತಲೆಯ ಮೇಲೆ ಇಡತೊಡಗಿದರು.

“ಅಮ್ಮಾ, ಅದು ಸಾಬೂನ ಹಚ್ಚಿ ತೊಳೀರಿ ಅಂತ ಬರದದ್ದು,” ಎಂದಳು ಮಗಳು.

“ಇರ್ಲಿ ಬಿಡು. ಬರದಿದ್ದು ಏನರ ಇರ್ಲಿ, ಆ ಅಕ್ಷರ ಕಾಲಾಗ ಬರೂದು ಬ್ಯಾಡ.”

ಮೆಟ್ಟಿಲುಗಳಲ್ಲೂ ಅವರದು ಇದೇ ನಡೆ. ಒಂದು ಮಧ್ಯಾಹ್ನ, ಕಸ ಒಯ್ಯುವವರು ಬೀಳಿಸಿಹೋದ ಖಾಲಿ ಪೊಟ್ಟಣವೊಂದು ಪಕ್ಕದ ಮನೆಯ ಹೊಸ್ತಿಲ ಬಳಿ ಬಿದ್ದಿತ್ತು. ಎತ್ತಿ ಧೂಳು ಕೊಡವಿದರು. ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ನಾಲ್ಕಾರು ಕಾಳು ಅಂಗೈಗೆ ಉದುರಿದವು. ಇಟ್ಟಿಗೆಯ ಬಣ್ಣ, ಉದ್ದನೆಯ ಮೈ. ರಾಜಾಬೀ ಒಳಗೆ ಓಡಿ ಒಂದು ಕಾಳಿನ ಮೇಲೆ ಹನಿ ನೀರು ಬಿಟ್ಟು ಕಾದರು. ಕಾಳು ಉಬ್ಬಿತು, ಸುತ್ತಲೂ ಲೋಳೆ ಕಟ್ಟಿತು. ಕಾಮಕಸ್ತೂರಿಯೂ ಲೋಳೆ ಕಟ್ಟುತ್ತದೆ. ಅವರು ಅಷ್ಟಕ್ಕೇ ನಂಬುವವರಲ್ಲ. ಒಂದು ಒಣಕಾಳನ್ನು ಹಲ್ಲಿನಲ್ಲಿ ಒಡೆದರು. ಸಾಸಿವೆಯಂತೆ ಖಾರ ಚುರುಕ್ಕೆಂದಿತು.

“ಮುಬಾಶಿರಾ! ಅಳವಿ ಐತಿ! ಈ ಊರಾಗೂ ಅಳವಿ ಐತಿ!”

ಪೊಟ್ಟಣ ಹಿಡಿದು ಪಕ್ಕದ ಬಾಗಿಲು ತಟ್ಟಿದರು. ತೆರೆದವರು ಯೆಮನ್ ದೇಶದ ಮುದುಕಿ. ಮಗನ ಹೆಸರು ಹಿಡಿದು ಎಲ್ಲರೂ ಆಕೆಯನ್ನು ಉಮ್ಮು ಸಾಲಿಮ, ಅಂದರೆ ಸಾಲಿಮನ ತಾಯಿ, ಎನ್ನುತ್ತಿದ್ದರು. ಸಲಾಮು ಇಬ್ಬರಿಗೂ ಬರುತ್ತಿತ್ತು. ಅದರಾಚೆಗೆ ಮಾತಿರಲಿಲ್ಲ. ರಾಜಾಬೀ ಪೊಟ್ಟಣ ತೋರಿಸಿ, ತೋಳು ಮಡಿಚಿ ಕೂಸು ತೂಗುವಂತೆ ತೂಗಿ, ತಮ್ಮ ಮನೆಯ ಕಡೆ ಬೆರಳು ಮಾಡಿದರು. ಆಕೆಯ ಕಣ್ಣು ಅರಳಿತು. “ರಶಾದ್, ರಶಾದ್!” ಎಂದು ಕೈಹಿಡಿದು ಒಳಗೆ ಎಳೆದುಕೊಂಡಳು. ರಶಾದ್ ಎಂದರೆ ಅಳವಿಯೇ. ಯೆಮನ್‌ನ ಹೆಂಗಸರೂ ಬಾಣಂತಿಗೆ ಕೊಡುವುದು ಅದೇ ಕಾಳನ್ನೇ. ಒಡೆಯನು ಗಂಗಾವತಿಯ ಹೊಲದಲ್ಲಿ ಬೆಳೆಸಿದ್ದನ್ನು ಯೆಮನ್‌ನ ಬೆಟ್ಟದಲ್ಲೂ ಬೆಳೆಸಿದ್ದಾನೆ. ತಾಯಂದಿರು ಎಲ್ಲೆಲ್ಲಿ ಇರುವರೆಂಬುದು ಅವನಿಗೆ ತಿಳಿಯದ್ದೇ?

ಉಮ್ಮು ಸಾಲಿಮ ಗಾಜಿನ ಜಾಡಿಯಿಂದ ಬೊಗಸೆ ತುಂಬ ಕಾಳು ಸುರಿದು, ಏನೇನೋ ಹೇಳುತ್ತ ಇವರ ಅಡುಗೆಮನೆಗೇ ಬಂದಳು. ಆಕೆ ಅರಬ್ಬಿಯಲ್ಲಿ ಏನು ಅಂದರೂ ರಾಜಾಬೀಯವರಿಗೆ ದುವಾ ಕೇಳಿದಂತೆಯೇ ಆಗುತ್ತಿತ್ತು. ಭಕ್ತಿಯಿಂದ “ಆಮೀನ್” ಎನ್ನುತ್ತಿದ್ದರು. ಒಲೆ ಸಣ್ಣದು ಮಾಡೆಂದರೂ ಆಮೀನ್, ತುಪ್ಪ ಹೆಚ್ಚಾಯಿತೆಂದರೂ ಆಮೀನ್. ಇಲ್ಲಿದ್ದು ಅಷ್ಟಿಷ್ಟು ಅರಬ್ಬಿ ಕಲಿತಿದ್ದ ಮುಬಾಶಿರಾ ಹಾಸಿಗೆಯಲ್ಲೇ ದುಪಟ್ಟಾ ಬಾಯಿಗಿಟ್ಟುಕೊಂಡು ನಕ್ಕಳು. “ಅಮ್ಮಾ, ಬಾಣಲಿ ಹತ್ತಾಕತ್ತೈತಿ ಅನ್ನಾಕತ್ತಾರ ಅವರು!”

ಅಂಟು ಅರಳಿತು. ಉತ್ತತ್ತಿಯ ಬದಲು ಹಣ್ಣು ಖರ್ಜೂರ ಹಾಕಿದರು, ಬೆಲ್ಲವೇ ಬೇಡವಾಯಿತು. ಬಿಸ್ಮಿಲ್ಲಾ ಎಂದು ರಾಜಾಬೀ ಕಟ್ಟಿದ ಮೊದಲ ಉಂಡೆ ಮಗಳ ಬಾಯಿಗೆ ಹೋಯಿತು. ಅವಳು ನಿಧಾನವಾಗಿ ಅಗಿದಳು. ತಾಯಿ ಉಸಿರು ಬಿಗಿಹಿಡಿದು ಅವಳ ಗಂಟಲನ್ನೇ ನೋಡುತ್ತ ನಿಂತರು. ಅದು ಇಳಿಯಿತು.

“ಗಸಗಸಿ ಹಾಕಿಲ್ಲೇನ ಅಮ್ಮಾ?”

“ಅದರ ಹೆಸರ ತಗೀಬ್ಯಾಡ!” ಎಂದು ರಾಜಾಬೀ ಬಾಗಿಲ ಕಡೆ ನೋಡಿದರು. ಮಗಳು ಇನ್ನೊಂದು ಉಂಡೆಗೆ ಕೈ ಚಾಚಿದಳು.

ಮುಂದಿನ ದಿನಗಳಲ್ಲಿ ಅವಳು ಗಂಜಿಯನ್ನೂ ಉಂಡಳು, ಅನ್ನವನ್ನೂ ಉಂಡಳು. ಕೂಸು ಹೊಟ್ಟೆ ತುಂಬಿ ಮಲಗತೊಡಗಿತು. ಅದು ಅಳವಿಯ ಗುಣವೋ, ತಾಯಿಯ ಕೈಯ ಗುಣವೋ ಎಂದು ಯಾರೂ ವಿಚಾರಿಸಲಿಲ್ಲ. ಕೊಟ್ಟವನಿಗೆ ಶುಕ್ರು ಹೇಳಿದರು. ಉಮ್ಮು ಸಾಲಿಮಳಿಗೆ ಒಂದು ತಟ್ಟೆ ಉಂಡೆ ಹೋಯಿತು. ಆಕೆ ಏನೋ ಹೇಳಿ ಹರಸಿದಳು. ಈ ಸಲದ ಆಮೀನ್ ಸರಿಯಾದ ಜಾಗದಲ್ಲೇ ಬಿತ್ತು.

ಒಂದು ಸಂಜೆ ಮುನವ್ವರ ಕೆಲಸದಿಂದ ಬಂದು ಚಹಾದ ಜೊತೆಗೆ ಬಿಸ್ಕೀಟು ಬಿಚ್ಚಿದ. ಖಾಲಿ ಹೊದಿಕೆಯನ್ನು ಹಿಡಿದು ಕಸದ ಬುಟ್ಟಿಯ ತನಕ ಹೋದವನು ಅಲ್ಲೇ ನಿಂತ. ಅತ್ತೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು, ಇತ್ತ ನೋಡುತ್ತಿರಲಿಲ್ಲ. ಅವನು ಹೊದಿಕೆಯನ್ನು ಅಂಗಿಗೆ ಒರೆಸಿ, ನಾಲ್ಕು ಮಡಿಕೆ ಮಾಡಿ, ಅತ್ತೆ ಕಪಾಟಿನ ಮೇಲೆ ಎತ್ತಿಟ್ಟಿದ್ದ ಅಳವಿಯ ಖಾಲಿ ಪೊಟ್ಟಣದ ಪಕ್ಕಕ್ಕೆ ಇಟ್ಟುಬಂದ.